ಓಟ್ಸ್ ಮತ್ತು ಕೊಬ್ಬರಿಯ ಆನ್‌ಜಾಕ್ ಸ್ಲೈಸ್: ಗೋಲ್ಡನ್ ಸಿರಪ್ ಬದಲು ಜೋನಿ ಬೆಲ್ಲ ಆಗುತ್ತದೆಯೇ?

ಆಲ್ದೂರಿನ ತೋಟದ ಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಬಳಿ ನಾವೊಂದು ಸಣ್ಣ ಹೋಂಸ್ಟೇ ನಡೆಸುತ್ತಿದ್ದೇವೆ. ಏಪ್ರಿಲ್ ಕೊನೆಯ ವಾರದಲ್ಲಿ ಆಸ್ಟ್ರೇಲಿಯಾದ ಒಂದು ಕುಟುಂಬ ಬರಲಿದೆ. ಏಪ್ರಿಲ್ 25 ಅವರ ದೇಶದಲ್ಲಿ ಯೋಧರನ್ನು ಸ್ಮರಿಸುವ ದಿನವಾದ್ದರಿಂದ, ಅಂದು ಬೆಳಗಿನ ಕಾಫಿಯ ಜೊತೆಗೆ ಅವರ ಮನೆಗಳಲ್ಲಿ ಮಾಡುವ ಓಟ್ಸ್ ಮತ್ತು ತೆಂಗಿನ ಆನ್‌ಜಾಕ್ ಬಿಸ್ಕತ್ತನ್ನು ಕೊಡಬೇಕೆಂಬ ಆಸೆ ನನಗಿದೆ. ಒಂದೊಂದನ್ನೇ ಉಂಡೆ ಕಟ್ಟಿ ಬೇಯಿಸುವ ಬದಲು ಟ್ರೇಯಲ್ಲಿ ಒತ್ತಿ ಬೇಯಿಸಿ ಚೌಕವಾಗಿ ಕತ್ತರಿಸುವ ಸ್ಲೈಸ್ ಕ್ರಮವೇ ನಮಗೆ ಅನುಕೂಲ.

ಅದಕ್ಕೆ ಹಾಕುವ ಗೋಲ್ಡನ್ ಸಿರಪ್ (ಸಕ್ಕರೆಯಿಂದ ಮಾಡಿದ ಹೊಂಬಣ್ಣದ ದಪ್ಪ ಪಾಕ) ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತಿಲ್ಲ. ಮನೆಯಲ್ಲಿ ಕೊಪ್ಪದ ಕಡೆಯಿಂದ ತರಿಸಿದ ಒಳ್ಳೆಯ ಜೋನಿ ಬೆಲ್ಲವಿದೆ, ಅದನ್ನು ಬಳಸಬಹುದೇ? ಹಸಿ ತೆಂಗಿನಕಾಯಿಯ ತುರಿ ನಡೆಯುತ್ತದೆಯೇ ಅಥವಾ ಕೊಬ್ಬರಿಯೇ ಬೇಕೇ? ಅಂಚು ಗರಿಯಾಗಿ, ನಡುಭಾಗ ಜಗಿಯುವಂತೆ ಇರಬೇಕು, ಕತ್ತರಿಸುವಾಗ ಪುಡಿಯಾಗಬಾರದು. ನಮ್ಮಲ್ಲಿರುವುದು ಸಾಧಾರಣ ಓಟಿಜಿ (ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಓವನ್). ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಿ.

ಹಾಸನದ ಬೇಕಿಂಗ್ ಮನೆ

ನಮಸ್ಕಾರ. ಜೋನಿ ಬೆಲ್ಲವನ್ನು ಧಾರಾಳವಾಗಿ ಬಳಸಬಹುದು, ನನ್ನ ಮಟ್ಟಿಗೆ ಅದೇ ಅತ್ಯುತ್ತಮ ಬದಲಿ. ಗೋಲ್ಡನ್ ಸಿರಪ್‌ನಲ್ಲಿ ಸಕ್ಕರೆಯ ಒಂದು ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದಿರುತ್ತದೆ. ಹಾಗೆ ಒಡೆದ ಸಕ್ಕರೆ ಸುಲಭವಾಗಿ ಹರಳುಗಟ್ಟುವುದಿಲ್ಲ, ಜೊತೆಗೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದಲೇ ಬಿಸ್ಕತ್ತಿಗೆ ಆ ಜಗಿಯುವ ಗುಣ ಬರುತ್ತದೆ. ಜೋನಿ ಬೆಲ್ಲವೂ ಇದೇ ಕಾರಣಕ್ಕೆ ಗಟ್ಟಿಯಾಗದೆ ಉಳಿಯುತ್ತದೆ. ಅಚ್ಚು ಬೆಲ್ಲವನ್ನು ಕರಗಿಸಿ ಹಾಕಿದರೆ ತಣಿದ ಮೇಲೆ ಮತ್ತೆ ಹರಳುಗಟ್ಟಿ ಸ್ಲೈಸ್ ಗಡುಸಾಗುವ ಸಾಧ್ಯತೆ ಹೆಚ್ಚು.

ಗಮನಿಸಬೇಕಾದದ್ದು ನೀರಿನ ಅಂಶವನ್ನು. ನಮ್ಮ ಜೋನಿ ಬೆಲ್ಲ ಡಬ್ಬಿಯಿಂದ ಡಬ್ಬಿಗೆ ಬೇರೆ ಬೇರೆ ಹದದಲ್ಲಿರುತ್ತದೆ. ತೆಳುವಾಗಿದ್ದರೆ ಸಣ್ಣ ಉರಿಯಲ್ಲಿಟ್ಟು, ಬೆರಳುಗಳ ನಡುವೆ ಹಿಡಿದು ಬಿಡಿಸಿದಾಗ ಒಂದೆಳೆ ಬರುವಷ್ಟರ ತನಕ ಕುದಿಸಿ, ಆಮೇಲೆ ಅಳತೆ ಮಾಡಿ.

20 ಸೆಂಟಿಮೀಟರ್ ಚೌಕದ ಟ್ರೇಗೆ ಮೈದಾ 125 ಗ್ರಾಂ, ರೋಲ್ಡ್ ಓಟ್ಸ್ 100 ಗ್ರಾಂ, ಒಣ ಕೊಬ್ಬರಿ ತುರಿ 80 ಗ್ರಾಂ, ಬ್ರೌನ್ ಶುಗರ್ 130 ಗ್ರಾಂ, ಬೆಣ್ಣೆ 125 ಗ್ರಾಂ, ಎರಡು ದೊಡ್ಡ ಚಮಚ ಜೋನಿ ಬೆಲ್ಲ, ಅರ್ಧ ಚಿಕ್ಕ ಚಮಚ ಅಡುಗೆ ಸೋಡಾ ಮತ್ತು ಒಂದು ದೊಡ್ಡ ಚಮಚ ಕುದಿಯುವ ನೀರು ಸಾಕಾಗುತ್ತದೆ. ಓಟ್ಸ್ ಕೊಳ್ಳುವಾಗ ಎರಡು ನಿಮಿಷದಲ್ಲಿ ಬೇಯುವ ಇನ್‌ಸ್ಟಂಟ್ ಬಗೆಯನ್ನು ತರಬೇಡಿ. ಅದು ಬೆಣ್ಣೆಯನ್ನೆಲ್ಲ ಹೀರಿ ಹಿಟ್ಟಿನಂತಾಗಿಬಿಡುತ್ತದೆ. ಅಗಲವಾದ, ದಪ್ಪ ಎಸಳಿನ ಓಟ್ಸ್ ಇದ್ದರೆ ಮಾತ್ರ ಹಲ್ಲಿಗೆ ಸಿಗುತ್ತದೆ.

ಒಣ ಸಾಮಗ್ರಿಗಳನ್ನು ಒಟ್ಟಿಗೆ ಕಲಸಿಟ್ಟು, ಬೆಣ್ಣೆ ಮತ್ತು ಜೋನಿ ಬೆಲ್ಲವನ್ನು ಸ್ವಲ್ಪ ಎತ್ತರದ ಪಾತ್ರೆಯಲ್ಲಿ ಕರಗಿಸಿ. ಪಾತ್ರೆ ಎತ್ತರವಿರಬೇಕು ಎನ್ನಲು ಕಾರಣವಿದೆ. ಕುದಿಯುವ ನೀರಿನಲ್ಲಿ ಕರಗಿಸಿದ ಸೋಡಾವನ್ನು ಈ ಬಿಸಿ ಮಿಶ್ರಣಕ್ಕೆ ಸುರಿದ ಕೂಡಲೇ ಅದು ಹೊಂಬಣ್ಣದ ನೊರೆಯಾಗಿ ಪಾತ್ರೆಯ ಅಂಚಿನವರೆಗೂ ಉಕ್ಕುತ್ತದೆ. ಆ ನೊರೆ ಇಳಿಯುವ ಮೊದಲೇ ಒಣ ಮಿಶ್ರಣಕ್ಕೆ ಸೇರಿಸಿ ಕಲಸಿ, ಬಟರ್ ಪೇಪರ್ ಹಾಸಿದ ಟ್ರೇಗೆ ವರ್ಗಾಯಿಸಿ, ಲೋಟದ ತಳದಿಂದ ಒತ್ತಿ ಸಮಮಾಡಿ. ಸಡಿಲವಾಗಿ ಒತ್ತಿದರೆ ಮುಂದೆ ಚಾಕು ತಾಗಿದಾಗ ಪುಡಿಯಾಗುವುದು ಖಚಿತ.

ಮೊದಲೇ ಬಿಸಿಮಾಡಿದ ಓಟಿಜಿಯ ನಡುವಿನ ಹಂತದಲ್ಲಿಟ್ಟು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ ಬೇಯಿಸಿ. ಜೋನಿ ಬೆಲ್ಲ ಹಾಕಿದ ಮಿಶ್ರಣ ಆರಂಭದಿಂದಲೇ ಕಂದಾಗಿರುವುದರಿಂದ ಬಣ್ಣ ನೋಡಿ ಹದ ತೀರ್ಮಾನಿಸಲಾಗದು. ಅಂಚು ಗಟ್ಟಿಯಾಗಿ ಟ್ರೇಯಿಂದ ತುಸು ಬಿಟ್ಟುಕೊಂಡು, ನಡುಭಾಗ ಬೆರಳಿಗೆ ಇನ್ನೂ ಮೆತ್ತಗಿದ್ದಾಗಲೇ ಹೊರತೆಗೆಯಬೇಕು. ತಣಿಯುತ್ತಾ ಅದು ತಾನೇ ಬಿಗಿಯುತ್ತದೆ. ಹೊರತೆಗೆದ ಹತ್ತು ನಿಮಿಷಕ್ಕೆ, ಕೊಬ್ಬರಿ ಮಿಠಾಯಿಗೆ ಮಾಡುವಂತೆಯೇ, ಬೆಚ್ಚಗಿರುವಾಗಲೇ ಗೆರೆ ಎಳೆದಿಡಿ. ಪೂರ್ತಿ ತಣಿದ ಮೇಲೆ ಅದೇ ಗೆರೆಯ ಮೇಲೆ ಕತ್ತರಿಸಿದರೆ ಚೌಕಗಳು ಒಡೆಯುವುದಿಲ್ಲ.

ಅರಸೀಕೆರೆಯ ಓದುಗ

ಕೊಬ್ಬರಿಯ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ಹಸಿ ತೆಂಗಿನ ತುರಿಯಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಅದನ್ನು ಹಾಕಿದರೆ ಸ್ಲೈಸ್ ಬೇಯುವ ಬದಲು ಹಬೆಯಲ್ಲಿ ಬೆಂದಂತಾಗುತ್ತದೆ, ಮಾತ್ರವಲ್ಲ, ಬೇಗನೆ ಹಳಸುತ್ತದೆ. ಹಸಿ ತುರಿಯನ್ನು ಬಾಣಲೆಯಲ್ಲಿ ಹುರಿದು ಒಣಗಿಸಿ ಬಳಸುವವರಿದ್ದಾರೆ. ನಾನು ಅದನ್ನು ಸೂಚಿಸಲಾರೆ, ಏಕೆಂದರೆ ಹೊರಗೆ ಕೆಂಪಾದರೂ ಒಳಗೆ ತೇವ ಉಳಿದಿರುತ್ತದೆ.

ನಮ್ಮ ಅರಸೀಕೆರೆ, ಪಕ್ಕದ ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಇಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಗಟ್ಟಿಯಾಗಿ ಬಡಿದಾಡುವ ಸದ್ದು ಕೇಳಿಸುತ್ತದೆ. ಇಂತಹ ಕೊಬ್ಬರಿಯ ಹಿಂಬದಿಯ ಕಂದು ಸಿಪ್ಪೆಯನ್ನು ಹೆರೆದು ತೆಗೆದು, ತುರಿಯುವ ಮಣೆಯ ಸಣ್ಣ ಕಣ್ಣಿನಲ್ಲಿ ತುರಿದುಕೊಳ್ಳಿ. ಮಿಕ್ಸಿಗೆ ಹಾಕಬೇಡಿ, ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಅಂಗಡಿಯ ಒಣ ಕೊಬ್ಬರಿ ಪುಡಿಗಿಂತ ಇದರಲ್ಲಿ ಸಾಮಾನ್ಯವಾಗಿ ಎಣ್ಣೆಯ ಅಂಶ ಎದ್ದು ಕಾಣುವುದರಿಂದ ಬೆಣ್ಣೆಯನ್ನು 10 ಗ್ರಾಂನಷ್ಟು ಕಡಿಮೆ ಮಾಡಬಹುದು. ತುರಿಯುವ ಮೊದಲು ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ. ಸ್ವಲ್ಪ ಕಮಟು ಬಂದಿದ್ದರೂ ಬೇಯಿಸಿದ ಮೇಲೆ ಆ ರುಚಿ ಇಡೀ ಟ್ರೇಗೆ ಹರಡುತ್ತದೆ.

ಸಕಲೇಶಪುರದಿಂದ

ನಾನು ಕೆಲವು ವರ್ಷ ಮೆಲ್ಬರ್ನ್‌ನಲ್ಲಿದ್ದೆ. ನಿಮ್ಮ ಅತಿಥಿಗಳಿಗೆ ಈ ತಿನಿಸು ಬರಿಯ ಸಿಹಿಯಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡಿರುವುದು ಸಂತೋಷ. 1915ರ ಏಪ್ರಿಲ್ 25ರಂದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಪಡೆಗಳು ಗಲಿಪೊಲಿಯಲ್ಲಿ ಇಳಿದವು; ಆ ಪಡೆಯ ‘ಆನ್‌ಜಾಕ್’ ಎಂಬ ಹೆಸರೇ ಬಿಸ್ಕತ್ತಿಗೂ ಬಂದಿದೆ. ಯುದ್ಧಭೂಮಿಯಲ್ಲಿ ಸೈನಿಕರಿಗೆ ಪಡಿತರವಾಗಿ ಸಿಗುತ್ತಿದ್ದದ್ದು ಮಾತ್ರ ಇದಲ್ಲ, ಕಲ್ಲಿನಷ್ಟು ಗಟ್ಟಿಯಾದ ಬೇರೊಂದು ಬಿಸ್ಕತ್ತು. ಓಟ್ಸ್‌ನ ಈ ಸಿಹಿ ಬಿಸ್ಕತ್ತನ್ನು ಊರಿನಲ್ಲಿದ್ದವರು ಮಾಡುತ್ತಿದ್ದರು. ತೆಂಗು ಸೇರಿದ್ದು ಯುದ್ಧ ಮುಗಿದ ಮೇಲೆ, 1920ರ ದಶಕದ ಪಾಕಗಳಲ್ಲಿ.

ಇದಕ್ಕೆ ಮೊಟ್ಟೆ ಹಾಕುವುದಿಲ್ಲ. ಬಹುದಿನ ಉಳಿಯುವುದಕ್ಕೆ ಅದೂ ಒಂದು ಕಾರಣ. ಮೊಟ್ಟೆ ತಿನ್ನದ ಅತಿಥಿಗಳಿಗೂ ನೀವು ನಿಶ್ಚಿಂತೆಯಿಂದ ಕೊಡಬಹುದು. ಆಸ್ಟ್ರೇಲಿಯಾದಲ್ಲಿ ಆ ಹೆಸರಿನ ವ್ಯಾಪಾರಿ ಬಳಕೆಗೆ ಕಾನೂನಿನ ರಕ್ಷಣೆಯಿದೆ, ಸಾಂಪ್ರದಾಯಿಕ ಪಾಕದಿಂದ ಹೆಚ್ಚು ದೂರ ಸರಿದದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ನಿಮ್ಮ ಅಡುಗೆಮನೆಗೆ ಆ ಕಾನೂನು ಅನ್ವಯಿಸದಿದ್ದರೂ, ಏಲಕ್ಕಿ, ಗೋಡಂಬಿ, ಚಾಕೊಲೇಟ್ ಇವುಗಳನ್ನು ಅಂದಿನ ಮಟ್ಟಿಗೆ ಸೇರಿಸದಿರುವುದು ಗೌರವವೆಂದು ನನಗನಿಸುತ್ತದೆ. ಜೋನಿ ಬೆಲ್ಲ ಬಳಸಿದ್ದನ್ನು ಅವರಿಗೆ ಹೇಳಿ, ಖಂಡಿತ ಮೆಚ್ಚಿಕೊಳ್ಳುತ್ತಾರೆ.

ಆಲ್ದೂರಿನ ತೋಟದ ಮನೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಸಂದೇಹವಿದೆ: ಬೆಣ್ಣೆಯ ಬದಲು ಮನೆಯ ತುಪ್ಪ ಹಾಕಬಹುದೇ? ಅಲ್ಲದೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬಂದ ಸಂಜೆ ನಮ್ಮಲ್ಲಿ ಕರೆಂಟ್ ಹೋಗುವುದು ಸಾಮಾನ್ಯ, ಅದಕ್ಕೇನು ಉಪಾಯ?

ಹಾಸನದ ಬೇಕಿಂಗ್ ಮನೆ

ತುಪ್ಪ ಹಾಕಬಹುದು. ಬೆಣ್ಣೆಯಲ್ಲಿ ಸುಮಾರು ಶೇಕಡಾ 80ರಷ್ಟು ಕೊಬ್ಬಿದ್ದು ಉಳಿದದ್ದರಲ್ಲಿ ಹೆಚ್ಚಿನದು ನೀರು, ತುಪ್ಪದಲ್ಲಿ ನೀರಿಲ್ಲ. ಆದ್ದರಿಂದ 100 ಗ್ರಾಂ ತುಪ್ಪ ತೆಗೆದುಕೊಂಡು, ಒಂದು ದೊಡ್ಡ ಚಮಚ ಬಿಸಿನೀರನ್ನು ಹೆಚ್ಚಿಗೆ ಸೇರಿಸಿ ಮತ್ತು ಒಂದು ಚಿಟಿಕೆ ಉಪ್ಪು ಹಾಕಿ. ಆದರೂ ತುಪ್ಪದ ಪರಿಮಳ ಮುಂದೆ ಬಂದು ಓಟ್ಸ್‌ನ ರುಚಿ ಹಿಂದೆ ಸರಿಯುವುದರಿಂದ, ಈ ಸಂದರ್ಭಕ್ಕೆ ನಾನಾದರೆ ಬೆಣ್ಣೆಯನ್ನೇ ಆರಿಸಿಕೊಳ್ಳುತ್ತೇನೆ.

ಕರೆಂಟ್ ವಿಷಯದಲ್ಲಿ, ಒಣ ಸಾಮಗ್ರಿ ಕಲಸುವುದನ್ನೂ ಬೆಣ್ಣೆ ಕರಗಿಸುವುದನ್ನೂ ಮೊದಲೇ ಮುಗಿಸಿಕೊಂಡು, ಸೋಡಾವನ್ನು ಮಾತ್ರ ಓಟಿಜಿ ಪೂರ್ತಿ ಬಿಸಿಯಾದ ಮೇಲೆಯೇ ಸೇರಿಸಿ. ಒಮ್ಮೆ ನೊರೆ ಬಂದ ಮಿಶ್ರಣ ಕಾಯುವುದಿಲ್ಲ. ಸಾಧ್ಯವಾದರೆ 24ರ ಬೆಳಿಗ್ಗೆಯೇ ಬೇಯಿಸಿ, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಮಳೆಯ ತೇವಕ್ಕೆ ಅಂಚು ಮೆತ್ತಗಾದರೆ 120 ಡಿಗ್ರಿಯಲ್ಲಿ ಎಂಟು ನಿಮಿಷ ಬಿಸಿಮಾಡಿ ಆರಲು ಬಿಟ್ಟರೆ ಮತ್ತೆ ಗರಿಯಾಗುತ್ತದೆ.