ಸೋರು, ಒಸರು, ತೊಟ್ಟಿಕ್ಕು: ಲೇತ್ ಎಣ್ಣೆಗೆ ಯಾವುದು?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಚಿಕ್ಕ ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು ಕೆಲಸ ಮಾಡುವ ಗೆಳೆಯರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಎಣ್ಣೆ ಸೋರಿದರೆ ಏನು ಮಾಡಬೇಕು, ಆಮೇಲೆ ಕ್ಲೀನ್ ಮಾಡುವುದು ಹೇಗೆ, ಇಷ್ಟೇ ವಿಷಯ. ಭಾಗಗಳ ಹೆಸರಿಗೆ ನಾನು ಕೈ ಹಾಕಿಲ್ಲ. ಹೆಡ್‌ಸ್ಟಾಕ್ (ಸ್ಪಿಂಡಲ್ ಕೂರುವ ಪೆಟ್ಟಿಗೆ), ಸ್ಪಿಂಡಲ್ (ತುಂಡನ್ನು ತಿರುಗಿಸುವ ದಂಡ), ಆಯಿಲ್ ಸೀಲ್ (ದಂಡದ ಸುತ್ತ ಎಣ್ಣೆ ತಡೆಯುವ ಬಳೆ), ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಎಣ್ಣೆ ತಡೆಯುವ ತೆಳು ಹಾಳೆ) ಅಂತಲೇ ಎಲ್ಲರೂ ಹೇಳುತ್ತಾರೆ, ಹಾಗೇ ಇರಲಿ. ನನಗೆ ಬೇಕಾಗಿರುವುದು ಎಣ್ಣೆ ಹೊರಗೆ ಬರುವ ಬಗೆಗಳಿಗೆ ಸರಿಯಾದ ಕ್ರಿಯಾಪದ.

ಎಲ್ಲಕ್ಕೂ 'ಸೋರು' ಅಂತ ಬರೆದರೆ ಓದುವವರು ಸುಮ್ನೆ ಸ್ಪ್ಯಾನರ್ ಹಿಡಿಯುತ್ತಾರೆ. ಹಳೆಯ ಚಿಕ್ಕ ಲೇತ್‌ಗಳಲ್ಲಿ ಎಣ್ಣೆ ಹೊರಗೆ ಬರಲೇಬೇಕು. ಬ್ರಿಟನ್ನಿನ ಮೈಫರ್ಡ್ ಎಂಎಲ್-7 ನೋಡಿ. ಅದರ ಸ್ಪಿಂಡಲ್ ಬೇರಿಂಗಿನ ಮೇಲಿರುವ ಆಯಿಲ್ ಕಪ್ಪಿನಿಂದ ಎಣ್ಣೆ ಹನಿಹನಿಯಾಗಿ ಇಳಿಯುತ್ತದೆ, ಬೇರಿಂಗ್ ನೆನೆಸಿ ಕೆಳಗಿನ ಟ್ರೇಗೆ ಬೀಳುತ್ತದೆ. ಮತ್ತೆ ಒಳಗೆ ಹೋಗುವುದಿಲ್ಲ. ಆ ಹನಿ ನಿಂತರೆ ಗಾಬರಿಯಾಗಬೇಕು, ಯಾಕೆಂದರೆ ಬೇರಿಂಗ್ ಒಣಗುತ್ತಿದೆ ಅಂತ ಅರ್ಥ. ಇದಕ್ಕೆ 'ತೊಟ್ಟಿಕ್ಕು' ಅಂತ ಬರೆದಿದ್ದೇನೆ.

ಗೇರುಗಳು ಎಣ್ಣೆಯಲ್ಲೇ ಮುಳುಗಿರುವ ಹೆಡ್‌ಸ್ಟಾಕ್ ಇರುವ ಲೇತ್‌ಗಳ ಕಥೆ ಬೇರೆ. ಗ್ಯಾಸ್ಕೆಟ್ ಅಂಚಿನಲ್ಲೋ ಬೋಲ್ಟಿನ ತಲೆ ಸುತ್ತಲೋ ಎಣ್ಣೆ ತೇವದ ಹಾಗೆ ಕಾಣುತ್ತದೆ. ಹನಿಗಟ್ಟುವುದಿಲ್ಲ, ಕೈಯಿಟ್ಟರೆ ಬೆರಳಿಗೆ ಅಂಟುತ್ತದೆ ಅಷ್ಟೆ. 68 ನಂಬರ್ ಎಣ್ಣೆ (ನಂಬರ್ ಹೆಚ್ಚಿದಷ್ಟೂ ಎಣ್ಣೆ ಮಂದ) ಇರಬೇಕಾದ ಕಡೆ ತೆಳುವಾದ 32 ಹಾಕಿದರೆ ಇದು ಇನ್ನೂ ಜಾಸ್ತಿ. ಇದಕ್ಕೆ 'ಒಸರು' ಸರಿ ಅನ್ನಿಸಿದೆ. ಕಿಟೆಲ್ಲರ 1894ರ ನಿಘಂಟಿನಲ್ಲೂ ಈ ಪದ ಇದೆ. ಆದರೆ ನಾನು ಇದನ್ನು ಕೇಳಿರುವುದು ಗುಡ್ಡದ ನೀರಿಗೆ, ಗಾಯಕ್ಕೆ. ಎಣ್ಣೆಗೆ ನಿಮ್ಮ ಕಡೆ ಬಳಸುತ್ತಾರಾ? ಅಥವಾ 'ಜಿನುಗು' ಅಂತಾರಾ? ಜಿನುಗು ಅಂದರೆ ನನಗೆ ತುಂತುರು ಮಳೆ ನೆನಪಾಗುತ್ತದೆ, ಅಲ್ಲಿ ಹನಿ ಇರುತ್ತದೆ ಅಲ್ವಾ?

ಇವೆರಡನ್ನೂ ಬಿಟ್ಟರೆ ನಿಜವಾದ ಸೋರಿಕೆ: ಸೀಲ್ ಸವೆದಿರುತ್ತದೆ, ಇಲ್ಲವೇ ಮಟ್ಟ ಮೀರಿ ಎಣ್ಣೆ ತುಂಬಿರುತ್ತಾರೆ. ಇಲ್ಲಿ ಪದಗಳ ವ್ಯತ್ಯಾಸ ತುಂಬಾ ಉಪಯೋಗಕ್ಕೆ ಬಂತು. ಮೇಲಿನ ಸೀಲಿನಿಂದ ಬಂದ ಎಣ್ಣೆ ಬೀಡುಕಬ್ಬಿಣದ ಮೈ ಹಿಡಿದು ಇಳಿದು, ಡ್ರೈನ್ ಪ್ಲಗ್ಗಿನ (ಹಳೇ ಎಣ್ಣೆ ಬಸಿಯಲು ತಳದಲ್ಲಿರುವ ಬಿರಡೆಯ) ತುದಿಯಿಂದ ಬೀಳುತ್ತಿರುತ್ತದೆ. ಜನ ಪ್ಲಗ್ ಬಿಗಿ ಮಾಡುತ್ತಾ ಕೂರುತ್ತಾರೆ. "ಸೋರುವ ಜಾಗ ಬೇರೆ, ತೊಟ್ಟಿಕ್ಕುವ ಜಾಗ ಬೇರೆ" ಅಂತ ಒಂದೇ ಸಾಲಿನಲ್ಲಿ ಬರೆದೆ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಸೀಮೆಸುಣ್ಣದ ಪುಡಿ ಉದುರಿಸಿ ಸ್ವಲ್ಪ ಹೊತ್ತು ಓಡಿಸಿದರೆ ಪುಡಿ ಮೊದಲು ಎಲ್ಲಿ ಕಪ್ಪಾಗುತ್ತದೋ ಅದೇ ಸೋರುವ ಜಾಗ.

ಇನ್ನು ಒರೆಸುವ ಭಾಗ. ಇದರಲ್ಲೇ ನನಗೆ ಜಾಸ್ತಿ ತೊಡಕು. ಬೆಡ್ (ಲೇತಿನ ಉದ್ದನೆಯ ಅಡಿಹಾಸು) ಮೇಲೆ ತೆಳ್ಳಗೆ ಎಣ್ಣೆ ಇರಲೇಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ತುಕ್ಕು ಗ್ಯಾರಂಟಿ. ಅದೇ ಎಣ್ಣೆ ದೂಳು, ಲೋಹದ ಪುಡಿ ಸೇರಿ ಗಟ್ಟಿಯಾದರೆ ಬೆಡ್ಡನ್ನೇ ಉಜ್ಜಿ ಸವೆಸುತ್ತದೆ. ಇರಬೇಕಾದ್ದಕ್ಕೆ 'ಪಸೆ', ತೆಗೆಯಬೇಕಾದ್ದಕ್ಕೆ 'ಜಿಡ್ಡು' ಅಂತ ಗೊತ್ತುಮಾಡಿಕೊಂಡಿದ್ದೇನೆ: "ಜಿಡ್ಡು ಹೋಗಲಿ, ಪಸೆ ಉಳಿಯಲಿ." ಪಸೆ ಅಂದರೆ ಒಳ್ಳೆಯದು, ಜಿಡ್ಡು ಅಂದರೆ ಕೆಟ್ಟದ್ದು ಅನ್ನುವ ಭಾವ ನಿಮಗೂ ಬರುತ್ತದಾ? ಟ್ರೇ ತಳದಲ್ಲಿ ಕೂರುವ ಕಪ್ಪು ಗಸಿಗೆ ಮಾತ್ರ 'ಕಿಟ್ಟ' ಅಂತ ಧೈರ್ಯವಾಗಿ ಬರೆದೆ. ಎಣ್ಣೆಗೂ ಕಿಟ್ಟ, ಕಬ್ಬಿಣಕ್ಕೂ ಕಿಟ್ಟ. ಆ ಟ್ರೇನಲ್ಲಿ ಎರಡೂ ಇರುತ್ತವೆ.

'ಬಳಿ' ಪದವನ್ನು ಮಾತ್ರ ತೆಗೆದುಹಾಕಿದ್ದೇನೆ. ಪಾತ್ರೆ ಬಳಿದು ತೆಗೆ ಅಂದರೆ ಒಂದು ಚೂರೂ ಬಿಡಬೇಡ ಅಂತ. ಗೋಡೆಗೆ ಸುಣ್ಣ ಬಳಿ ಅಂದರೆ ಹಚ್ಚು ಅಂತ. "ನೆಲದ ಎಣ್ಣೆ ಬಳಿಯಿರಿ" ಅಂತ ಬರೆದರೆ ಯಾರಾದರೂ ಸಿಮೆಂಟ್ ನೆಲದ ಮೇಲೆಲ್ಲ ಹರಡಿಬಿಟ್ಟಾರು, ಕಾಲು ಜಾರುವ ಜಾಗ ಅದು. ಹಾಗಾಗಿ "ಮರದ ಹೊಟ್ಟು ಹಾಕಿ, ಎಣ್ಣೆ ಹೀರಿಕೊಳ್ಳಲು ಬಿಡಿ, ಆಮೇಲೆ ಗುಡಿಸಿ" ಅಂತ ಬಿಡಿಸಿ ಬರೆದೆ. ಆ ಹೊಟ್ಟನ್ನೂ ಹಳೇ ಆಯಿಲನ್ನೂ ಚರಂಡಿಗೆ ಹಾಕಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ.

ಕೊನೆಯದಾಗಿ ವ್ಯಾಕರಣದ ಒಂದು ಪ್ರಶ್ನೆ. 'ಎಣ್ಣೆ ಸೋರುತ್ತದೆ', 'ಡಬ್ಬ ಸೋರುತ್ತದೆ' ಎರಡೂ ಸರಿ. ಹಾಗೇ 'ಎಣ್ಣೆ ಒಸರುತ್ತದೆ' ಅನ್ನುವಂತೆ 'ಗ್ಯಾಸ್ಕೆಟ್ ಒಸರುತ್ತದೆ' ಅನ್ನಬಹುದಾ? ಕರಾವಳಿ, ಮಲೆನಾಡಿನವರು, ಉತ್ತರ ಕರ್ನಾಟಕದವರು ತಮ್ಮ ಊರಿನ ವಾಕ್ಯ ಬರೆದು ತಿಳಿಸಿದರೆ ಕೈಪಿಡಿಯಲ್ಲಿ ಅದನ್ನೇ ಹಾಕುತ್ತೇನೆ.