ಲೈನ್ ಇಲ್ಲದ ಮನೆ, ಪಂಪ್ ಹಾಕಿದರೆ ಇನ್ವರ್ಟರ್ ಟ್ರಿಪ್: ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ತೀರ್ಥಹಳ್ಳಿ ಕಡೆಯಿಂದ:
ನಮ್ಮ ತೋಟದ ಮನೆಗೆ ಕರೆಂಟ್ ಲೈನ್ ಬಂದಿಲ್ಲ. ಸೋಲಾರ್ ಪ್ಯಾನೆಲ್, 24 ವೋಲ್ಟ್ ಬ್ಯಾಟರಿ, 3 ಕೆವಿಎ ಇನ್ವರ್ಟರ್ ಇದೆ. ಲೈಟು, ಫ್ಯಾನು, ಟಿವಿ ಎಲ್ಲ ಸರಿ. ಅರ್ಧ ಎಚ್‌ಪಿ ಪಂಪ್ ಹಾಕಿದ ಕೂಡಲೇ ಲೈಟ್ ಮಂಕಾಗಿ ಎಲ್ಲ ಆಫ್. ದೊಡ್ಡ ಇನ್ವರ್ಟರ್ ಹಾಕಿಸಿ ಅಂತಾರೆ. ಹಾಕಿಸಬೇಕಾ?

ಸಾಗರದ ಎಲೆಕ್ಟ್ರಿಷಿಯನ್:
ಈಗಲೇ ದುಡ್ಡು ಸುರಿಯಬೇಡಿ ಸರ್. ಮೋಟಾರ್ ಸ್ಟಾರ್ಟ್ ಆಗುವಾಗ, ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಪಂಪ್ ಓಡಲು 4 ಆಂಪ್ ಬೇಕಾದರೆ ಶುರುವಿಗೆ 20ರ ಮೇಲೆ. ಆ ಗಳಿಗೆಯಲ್ಲಿ ಬ್ಯಾಟರಿ ಕಡೆ 100 ಆಂಪ್ ದಾಟುತ್ತದೆ. ನಾನು ನೋಡಿದ ಮನೆಗಳಲ್ಲಿ ತೊಂದರೆ ಹೆಚ್ಚಾಗಿ ಇದ್ದದ್ದು ಬ್ಯಾಟರಿ ಕೇಬಲ್‌ನಲ್ಲೇ. 10 ಚದರ ಮಿಲಿಮೀಟರ್ ತಾಮ್ರದ ಕೇಬಲ್, ಪ್ಲಸ್ ಮೈನಸ್ ಸೇರಿ 8 ಮೀಟರ್ ಇದ್ದರೆ, 100 ಆಂಪ್‌ಗೆ ಸುಮಾರು ಒಂದೂವರೆ ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 24 ವೋಲ್ಟ್‌ನಲ್ಲಿ ಅದು ಸಣ್ಣದಲ್ಲ. ಲಗ್ (ಕೇಬಲ್ ತುದಿಯ ಲೋಹದ ಕೊಂಡಿ) ಸಡಿಲ ಇದ್ದರೆ, ಟರ್ಮಿನಲ್‌ಗೆ ಕಿಲುಬು ಹಿಡಿದಿದ್ದರೆ ಇನ್ನೂ ಜಾಸ್ತಿ.

ಕ್ಷಣದ ಇಳಿತ ಹಿಡಿಯುವ ಮೀಟರ್ ತಂದು, ಪಂಪ್ ಹಾಕುವಾಗ ಎರಡು ಕಡೆ ನೋಡಿ. ಬ್ಯಾಟರಿ ಮೇಲೆ ಸರಿಯಿದ್ದು ಇನ್ವರ್ಟರ್ ಬಾಯಲ್ಲಿ ಇಳಿದರೆ ಕೇಬಲ್ ತಪ್ಪು. ಬ್ಯಾಟರಿ ಮೇಲೇ ಇಳಿದರೆ ಬ್ಯಾಟರಿ ಸೊರಗಿದೆ. ಎಲ್ಲೂ ಇಳಿಯದೆ ಟ್ರಿಪ್ ಆದರೆ ಮಾತ್ರ ದೊಡ್ಡ ಇನ್ವರ್ಟರ್ ಯೋಚನೆ ಮಾಡಿ.

ಬೆಂಗಳೂರು, ಇನ್ವರ್ಟರ್ ಡಿಸೈನ್ ಕೆಲಸ:
ಇವರು ಹೇಳಿದ್ದು ನೂರಕ್ಕೆ ನೂರು ನಿಜ. ಕಾರಣ ಕಂಟ್ರೋಲ್‌ನಲ್ಲಿದೆ. ಲೈನ್ ಇಲ್ಲದ ಕಡೆ 230 ವೋಲ್ಟ್, 50 ಹರ್ಟ್ಸ್ ಎರಡನ್ನೂ ಇನ್ವರ್ಟರೇ ಹಿಡಿದು ನಿಲ್ಲಿಸಬೇಕು. ಅದಕ್ಕಾಗಿ ಬ್ಯಾಟರಿ ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಹೆಚ್ಚು ಎಳೆದಷ್ಟೂ ಕೇಬಲ್‌ನಲ್ಲಿ ಇನ್ನಷ್ಟು ಇಳಿಯುತ್ತದೆ. ಕೊನೆಗೆ ಲೋ ಬ್ಯಾಟರಿ ಕಟ್‌ಆಫ್, ಅಂದರೆ ಬ್ಯಾಟರಿ ವೋಲ್ಟೇಜ್ ತೀರಾ ಇಳಿಯಿತೆಂದು ಇನ್ವರ್ಟರ್ ತಾನೇ ಆಫ್ ಆಗುತ್ತದೆ. ಹೀಟರ್ ಹೀಗಲ್ಲ, ವೋಲ್ಟೇಜ್ ಇಳಿದರೆ ಕಡಿಮೆ ಎಳೆಯುತ್ತದೆ. ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮಿಡಲ್‌ಬ್ರೂಕ್ 1976ರಲ್ಲಿ ಕೊಟ್ಟ ನಿಯಮವನ್ನು ನಾವು ಇಂದಿಗೂ ಪಾಲಿಸುತ್ತೇವೆ: ಕರೆಂಟ್ ಕೊಡುವ ಕಡೆಯ ಇಂಪೀಡೆನ್ಸ್ (ಕರೆಂಟ್ ಹರಿವಿಗೆ ಇರುವ ಅಡ್ಡಿ), ತಗೊಳ್ಳುವ ಕನ್ವರ್ಟರ್‌ನ (ಇಲ್ಲಿ ಇನ್ವರ್ಟರ್‌ನ) ಇನ್‌ಪುಟ್ ಇಂಪೀಡೆನ್ಸ್‌ಗಿಂತ ತುಂಬಾ ಕಡಿಮೆ ಇರಬೇಕು. ಇಲ್ಲದಿದ್ದರೆ ವೋಲ್ಟೇಜ್ ಓಲಾಡಲು ಶುರುವಾಗಬಹುದು. ಆದ್ದರಿಂದ ಕೇಬಲ್ ದಪ್ಪ ಇರಲಿ, ಗಿಡ್ಡ ಇರಲಿ. ಪ್ಲಸ್ ಮೈನಸ್ ಎರಡನ್ನೂ ಒಟ್ಟಿಗೆ ಕಟ್ಟಿ ಎಳೆಯಿರಿ, ಇಂಡಕ್ಟನ್ಸ್ (ಕರೆಂಟ್ ದಿಢೀರ್ ಬದಲಾಗುವುದನ್ನು ತಡೆಯುವ ಗುಣ) ಕಡಿಮೆಯಾಗುತ್ತದೆ.

ಶಿರಸಿ, ಅಡಿಕೆ ತೋಟ:
ನಾವು ತ್ರೀ ಫೇಸ್ ಮೋಟಾರ್ ಹಾಕಿ, ಸಿಂಗಲ್ ಫೇಸ್ ತಗೊಳ್ಳುವ ವಿಎಫ್‌ಡಿ (ಮೋಟಾರ್ ವೇಗ ನಿಯಂತ್ರಿಸುವ ಸಾಧನ) ಕೂರಿಸಿದೆವು. ಫ್ರೀಕ್ವೆನ್ಸಿ, ವೋಲ್ಟೇಜ್ ಎರಡನ್ನೂ ಕೆಳಗಿನಿಂದ ನಿಧಾನ ಏರಿಸುತ್ತದೆ. ಲೈಟ್ ಮಂಕಾಗುವುದೇ ಇಲ್ಲ. ನಿಮ್ಮ ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಮೋಟಾರ್‌ಗೆ ಇದು ಹೊಂದುವುದಿಲ್ಲ ಮಾರಾಯ್ರೆ, ಮೋಟಾರೂ ಬದಲಾಗಬೇಕು.

ತೀರ್ಥಹಳ್ಳಿ:
ಎಲ್ಲರಿಗೂ ಧನ್ಯವಾದ. ನಮ್ಮದು 10ರ ಕೇಬಲ್ಲೇ, ಬ್ಯಾಟರಿ ಪಕ್ಕದ ಕೋಣೆಯಲ್ಲಿದೆ. 35 ಚದರ ಮಿಲಿಮೀಟರ್‌ನದ್ದು ತಂದು ನಾನೇ ಹಾಕಬಹುದಾ?

ಸಾಗರ:
ಹಾಕಬಹುದು, ಆದರೆ ಮೊದಲು ಬ್ಯಾಟರಿಯನ್ನೇ ಇನ್ವರ್ಟರ್ ಪಕ್ಕಕ್ಕೆ ತನ್ನಿ, ಕೇಬಲ್ ಖರ್ಚೂ ಉಳಿಯುತ್ತದೆ. ಗಾಳಿ ಆಡುವ ಜಾಗ ಇರಲಿ. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಸೇರಿಸುವಾಗ ಬ್ಯಾಟರಿ ಮೊದಲು. ಬ್ಯಾಟರಿ ಹತ್ತಿರವೇ ಡಿಸಿ ಫ್ಯೂಸ್ ಹಾಕಲು ಮರೆಯಬೇಡಿ.