ಉಕ್ಕನ್ನು ‘ಹದ ಮಾಡುವುದು’ ಎಂದರೆ ಯಾವ ಕೆಲಸ?

ಟೂಲ್‌ರೂಮಿನ ಕೆಲಸದಲ್ಲಿ ‘ಹದ’ ಎಂಬ ಪದವನ್ನು ಯಾವ ಕ್ರಿಯೆಗೆ ಮೀಸಲಿಡಬೇಕು ಎಂಬ ಪ್ರಶ್ನೆಯನ್ನು ತಿಳಿದವರ ಮುಂದೆ ಇಡುತ್ತಿದ್ದೇನೆ. ತಮಿಳುನಾಡಿನ ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ವಲಯದ ಕಾರ್ಖಾನೆಗಳಿಗೂ ಅವುಗಳಿಗೆ ಅಚ್ಚುಗಳನ್ನೂ ಕೆಲಸದ ತುಂಡನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಜಿಗ್, ಫಿಕ್ಸ್ಚರ್‌ಗಳನ್ನೂ ಮಾಡಿಕೊಡುವ ಸಣ್ಣ ಟೂಲ್‌ರೂಮುಗಳಿಗೂ ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಸೇರುವವರಲ್ಲಿ ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು ಕಡೆಯ ಕನ್ನಡ ಮನೆಮಾತಿನ ಹುಡುಗ ಹುಡುಗಿಯರೂ ಇದ್ದಾರೆ. ಅವರಿಗೆಂದು ಕನ್ನಡದಲ್ಲಿ ಒಂದು ಕಿರು ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಯಂತ್ರಗಳ ಮತ್ತು ಅಳತೆಯ ಸಾಧನಗಳ ಹೆಸರುಗಳಲ್ಲಿ ತೊಡಕಿಲ್ಲ. ಲೇತ್, ಚಕ್, ವರ್ನಿಯರ್, ಮೈಕ್ರೋಮೀಟರ್ ಎಂಬವು ಈಗ ನಮ್ಮ ಮಾತೇ ಆಗಿವೆ, ಅವುಗಳನ್ನು ಬದಲಿಸುವ ಅಗತ್ಯವೂ ಇಲ್ಲ. ಅರ, ಉಳಿ, ಸಾಣೆ, ಎರಕ, ಅಚ್ಚು ಎಂಬ ಪದಗಳು ಹಿಂದಿನಿಂದಲೂ ನಮ್ಮಲ್ಲಿವೆ. ಬರವಣಿಗೆ ನಿಂತಿರುವುದು ಉಕ್ಕನ್ನು ಕಾಸಿ ಅದರ ಗುಣವನ್ನು ಬದಲಿಸುವ ಅಧ್ಯಾಯದಲ್ಲಿ.

ಕೆಲಸದ ಸ್ವರೂಪವನ್ನು ಮೊದಲು ಹೇಳದಿದ್ದರೆ ಪ್ರಶ್ನೆ ಸ್ಪಷ್ಟವಾಗದು. ಫಿಟ್ಟರ್ ಆಗಲಿ, ಟೂಲ್ ಆಂಡ್ ಡೈ ಮೇಕರ್ ಆಗಲಿ, ಕಲಿಯುವವರು ಆರಂಭದಲ್ಲಿ ಬಹುಕಾಲ ವೈಸ್ ಮುಂದೆಯೇ ನಿಲ್ಲುತ್ತಾರೆ. ಮೈಲ್ಡ್ ಸ್ಟೀಲಿನ ತುಂಡೊಂದನ್ನು ಅರದಿಂದ ಉಜ್ಜಿ, ಮೇಲ್ಮೈಯನ್ನು ಸಮತಟ್ಟು ಮಾಡಿ, ಮಗ್ಗುಲುಗಳನ್ನು ಟ್ರೈ ಸ್ಕ್ವೇರ್‌ಗೆ ಹಿಡಿದು ನೋಡಿ, ಬೆಳಕು ತೂರದಂತೆ ಕೂಡಿಸುವುದು ಅವರ ಮೊದಲ ಪಾಠ. ಆಮೇಲೆ ಅವರ ಕೈಗೆ ಕಾರ್ಬನ್ ಉಕ್ಕಿನ ಸರಳು ಬರುತ್ತದೆ. ಅದರಿಂದ ಸೆಂಟರ್ ಪಂಚನ್ನೋ ಉಳಿಯನ್ನೋ ತಾವೇ ಮಾಡಿಕೊಳ್ಳಬೇಕು. ಆಕಾರ ಕೊಡುವಾಗ ಅರಕ್ಕೆ ಬಗ್ಗಿದ ಉಕ್ಕು ಮುಂದೆ ಬೇರೆ ಲೋಹವನ್ನು ಕಡಿಯುವಷ್ಟು ಗಟ್ಟಿಯಾಗಬೇಕಾದರೆ ಅದನ್ನು ಕಾಸಲೇಬೇಕು. ಅಪ್ರೆಂಟಿಸ್ ಬೆಂಕಿಯ ಕೆಲಸವನ್ನು ಮೊದಲು ಕಾಣುವುದು ಇಲ್ಲಿ, ‘ಹದ’ ಎಂಬ ಮಾತನ್ನು ಮೊದಲು ಕೇಳುವುದೂ ಇಲ್ಲಿಯೇ.

ಈ ಘಟ್ಟದಲ್ಲಿ ನಡೆಯುವುದು ಒಂದು ಕ್ರಿಯೆಯಲ್ಲ, ಎರಡು. ಮೊದಲನೆಯದು ಹಾರ್ಡನಿಂಗ್. ಕಾರ್ಬನ್ ಉಕ್ಕನ್ನು ಸುಮಾರು 727 ಡಿಗ್ರಿ ಸೆಲ್ಸಿಯಸ್‌ನ ಗಡಿ ದಾಟುವಂತೆ ಕಾಸಿದಾಗ ಅದರ ಒಳಗಿನ ಹರಳುಗಳ ಜೋಡಣೆ ಬದಲಾಗುತ್ತದೆ; ಆ ಸ್ಥಿತಿಯಲ್ಲಿ ತಟ್ಟನೆ ನೀರಿಗೋ ಎಣ್ಣೆಗೋ ಅದ್ದಿದರೆ ಕಾರ್ಬನ್ ಹೊರಬರಲು ಸಮಯ ಸಿಗದೆ ಒಳಗೇ ಸಿಲುಕಿ, ಮಾರ್ಟೆನ್‌ಸೈಟ್ ಎಂಬ ಅತಿ ಗಡಸಾದ ರಚನೆ ಉಂಟಾಗುತ್ತದೆ. ಟೂಲ್‌ರೂಮುಗಳಲ್ಲಿ ಹೆಚ್ಚಾಗಿ ಬಳಸುವ ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ಗಡಸಾಗುವ, ಕುಗ್ಗದ) ಉಕ್ಕನ್ನು 790ರಿಂದ 820 ಡಿಗ್ರಿಯವರೆಗೆ ಕಾಸಿ ಎಣ್ಣೆಗೆ ಅದ್ದುತ್ತಾರೆ. ಹಾಗೆ ಅದ್ದಿ ತೆಗೆದ ಉಕ್ಕಿನ ಮೇಲೆ ಅರ ಕಚ್ಚದೆ ಜಾರುತ್ತದೆ. ಗಡಸುತನ ಅಳೆಯುವ ರಾಕ್‌ವೆಲ್ ಸಿ ಮಾಪಕದಲ್ಲಿ ಅದು 63ರಿಂದ 65 ತೋರಿಸುತ್ತದೆ. ಆದರೆ ಆ ಉಕ್ಕು ಗಡಸಾದಷ್ಟೇ ಪೆಡಸೂ ಆಗಿರುತ್ತದೆ. ಪೆಟ್ಟು ಬಿದ್ದರೆ ಮೂಲೆ ಸಿಡಿಯುತ್ತದೆ, ಕೆಲವೊಮ್ಮೆ ಪೆಟ್ಟೇ ಬೀಳದೆ ಮೇಜಿನ ಮೇಲೆ ಇಟ್ಟಲ್ಲಿಯೇ ಬಿರುಕು ಬಿಡುತ್ತದೆ. ಆದ್ದರಿಂದ ಎರಡನೆಯ ಕ್ರಿಯೆಯಾದ ಟೆಂಪರಿಂಗ್ ಅನ್ನು, ಎಂದರೆ ಕಡಿಮೆ ಉಷ್ಣತೆಯಲ್ಲಿ ಮತ್ತೆ ಕಾಸುವುದನ್ನು, ತಡಮಾಡದೆ, ಉಕ್ಕು ಇನ್ನೂ ಕೈಬಿಸಿ ಇರುವಾಗಲೇ ಆರಂಭಿಸಬೇಕು. ಓಎಚ್‌ಎನ್‌ಎಸ್ ಆದರೆ ಸುಮಾರು 200 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟಾಗ ಗಡಸುತನ 60–62ರ ಸುಮಾರಿಗೆ ಇಳಿಯುತ್ತದೆ, ಅದಕ್ಕೆ ಬದಲಾಗಿ ಪೆಟ್ಟು ತಾಳುವ ಗುಣ ಬರುತ್ತದೆ. ಮೊದಲ ಕ್ರಿಯೆ ಏರಿಸುವುದು, ಎರಡನೆಯದು ಇಳಿಸುವುದು. ಇವೆರಡರಲ್ಲಿ ‘ಹದ’ ಯಾವುದಕ್ಕೆ ಸಲ್ಲಬೇಕು?

ನಮ್ಮ ಕಡೆಯ ಹಳ್ಳಿಯ ಕುಲುಮೆಗಳಲ್ಲಿ ಕುಡುಗೋಲನ್ನೋ ಗುದ್ದಲಿಯನ್ನೋ ‘ಹದ ಹಾಕಿಸಿಕೊಂಡು’ ಬರುವ ರೂಢಿ ಇದೆ. ಅಲ್ಲಿ ಎರಡೂ ಕ್ರಿಯೆಗಳು ಒಂದೇ ಕಾವಿನಲ್ಲಿ ಮುಗಿಯುತ್ತವೆ ಎಂಬುದು ಗಮನಿಸಬೇಕಾದ ಸಂಗತಿ. ಆಚಾರಿಯು ಅಲಗನ್ನು ಕೆಂಪಗೆ ಕಾಸಿ ಅಂಚನ್ನು ಮಾತ್ರ ನೀರಿಗೆ ಅದ್ದಿ ತೆಗೆಯುತ್ತಾನೆ. ಕಪ್ಪು ಹೊಪ್ಪಳೆಯನ್ನು ಉಜ್ಜಿ ತೆಗೆದಾಗ ಬೆಳ್ಳಗಿನ ಲೋಹ ಕಾಣುತ್ತದೆ. ಬೆನ್ನಿನ ಭಾಗದಲ್ಲಿ ಉಳಿದ ಕಾವು ಮೆಲ್ಲಗೆ ಅಂಚಿನತ್ತ ಹರಿದು ಬರುವಾಗ ಆ ಬಿಳುಪಿನ ಮೇಲೆ ಬಣ್ಣಗಳು ಒಂದರ ಹಿಂದೆ ಒಂದು ಸರಿಯುತ್ತವೆ. ತನಗೆ ಬೇಕಾದ ಬಣ್ಣ ಅಂಚಿಗೆ ಬಂದೊಡನೆ ಇಡೀ ಅಲಗನ್ನು ನೀರಿಗೆ ಮುಳುಗಿಸುತ್ತಾನೆ. ಮೊದಲ ಅದ್ದುವಿಕೆ ಹಾರ್ಡನಿಂಗ್. ಉಳಿದ ಕಾವು ಮಾಡಿದ್ದು ಟೆಂಪರಿಂಗ್. ಆತ ಇಡೀ ಕೆಲಸವನ್ನು ಹದ ಎಂದು ಕರೆಯುವುದು ಎರಡರ ವ್ಯತ್ಯಾಸ ತಿಳಿಯದ್ದರಿಂದ ಅಲ್ಲ. ಕೆಲಸವೇ ಒಡೆಯದೆ ನಡೆಯುವುದರಿಂದ ಹೆಸರೂ ಒಡೆಯಲಿಲ್ಲ. ನಮ್ಮ ಕುಲುಮೆಯವರಿಗೆ ಶಾಸ್ತ್ರ ತಿಳಿಯದು, ಆದ್ದರಿಂದ ಅವರ ಪದ ಅಸ್ಪಷ್ಟ ಎಂದು ತಳ್ಳಿಹಾಕುವವರನ್ನು ಕಂಡಿದ್ದೇನೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಟೂಲ್‌ರೂಮಿನಲ್ಲಿ ಒಂದು ಕುಲುಮೆ ಇದ್ದಲ್ಲಿ ಈಗ ಎರಡು ಫರ್ನೇಸ್ ಬಂದಿವೆ, ಎರಡು ಉಷ್ಣತೆಗಳನ್ನು ಬೇರೆ ಬೇರೆ ಬರೆದಿಡುತ್ತಾರೆ. ಹಾಗಾಗಿ ಎರಡು ಹೆಸರುಗಳು ಬೇಕಾಗಿವೆ.

ಹೊಸೂರಿನಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರಿಕೊಳ್ಳುತ್ತದೆ. ಒಂದೇ ಬೆಂಚಿನಲ್ಲಿ ಕನ್ನಡ, ತಮಿಳು, ತೆಲುಗು ಮನೆಮಾತಿನವರು ಕೂಡಿ ಕಲಿಯುತ್ತಾರೆ, ಮೂರು ನುಡಿಗಳಲ್ಲಿಯೂ ಈ ಪದದ ಬಳಗವಿದೆ. ಹಳಗನ್ನಡದ ‘ಪದ’ವೇ ಪಕಾರ ಹಕಾರವಾಗಿ ‘ಹದ’ ಆದದ್ದು, ಪಾಲು ಹಾಲಾದಂತೆ. ಸಂಸ್ಕೃತದಿಂದ ಬಂದ ‘ಪದ’ ಬೇರೆಯ ಮಾತು. ತಮಿಳಿನಲ್ಲಿ ಅದು ‘ಪದಂ’. ಅಕ್ಕಿ ಬೆಂದ ಸ್ಥಿತಿಗೂ ಅದೇ ಪದ, ತೊಗಲನ್ನು ಹದ ಮಾಡುವುದಕ್ಕೆ ಅವರು ಹೇಳುವ ‘ತೋಲ್ ಪದನಿಡುದಲ್’ ಎಂಬಲ್ಲಿಯೂ ಅದೇ ಬೇರು. ತೆಲುಗಿನಲ್ಲಿ ‘ಪದನು’ ಎಂದೋ ‘ಪದುನು’ ಎಂದೋ ಹೇಳುತ್ತಾರೆ. ಉಳುಮೆಗೆ ತಕ್ಕ ನೆಲದ ತೇವವೂ ಆ ಪದದ ಅರ್ಥವೇ ಆದರೂ, ‘ಕತ್ತಿಕಿ ಪದುನು ಪೆಟ್ಟು’ ಎಂದಾಗ ಅದು ಹರಿತಗೊಳಿಸುವುದು. ಕನ್ನಡದಲ್ಲಿಯೂ ಹದವಾದ ಕತ್ತಿ ಎಂದರೆ ಹರಿತವಾದ ಕತ್ತಿ ಎಂದು ತಿಳಿಯುವವರಿದ್ದಾರೆ. ಹೀಗಾಗಿ ಮೇಲಿನವರು ‘ಹದ ಮಾಡಿ ತಾ’ ಎಂದರೆ ಒಬ್ಬರು ಫರ್ನೇಸಿನ ಕಡೆಗೂ ಇನ್ನೊಬ್ಬರು ಗ್ರೈಂಡರಿನ ಕಡೆಗೂ ಹೊರಡುವ ಸಾಧ್ಯತೆ ಇದೆ.

ಇದು ಕೇವಲ ಪದಗಳ ಚರ್ಚೆಯಾಗಿ ಉಳಿಯದೆ ಕೆಲಸವನ್ನೂ ಕೆಡಿಸಬಲ್ಲದು. ಒಂದು ಟೂಲ್‌ರೂಮಿನಲ್ಲಿ ತಗಡಿನಿಂದ ತುಂಡುಗಳನ್ನು ಕತ್ತರಿಸುವ ಬ್ಲಾಂಕಿಂಗ್ ಪಂಚನ್ನು ‘ಹದ ಮಾಡಿಸಿಕೊಂಡು ಬಾ’ ಎಂದು ಹೇಳಿ ಕಳಿಸಿದ್ದರು. ಅಪ್ರೆಂಟಿಸ್ ಅದನ್ನು ಹಾರ್ಡನಿಂಗ್ ಮಾಡಿಸಿ ತಂದ. ಅವನ ತಿಳಿವಳಿಕೆಯಲ್ಲಿ ಹದವೆಂದರೆ ಅಷ್ಟೇ. ಅರ ಜಾರುವುದನ್ನು ನೋಡಿ ಎಲ್ಲ ಸರಿಯಾಗಿದೆ ಎಂದುಕೊಂಡು ಪಂಚನ್ನು ಪ್ರೆಸ್ಸಿಗೆ ಕೂರಿಸಿದರು. ಮೊದಲ ಕೆಲವು ಹೊಡೆತಗಳಲ್ಲಿಯೇ ಅದರ ಮೂಲೆ ಚಿಪ್ಪಾಗಿ ಹಾರಿತು. ಒಂದು ಮಿಲಿಮೀಟರ್ ದಪ್ಪದ ತಗಡಿಗೆ ಪಂಚಿಗೂ ಅದು ಇಳಿಯುವ ಡೈಗೂ ನಡುವೆ ಒಂದೊಂದು ಮಗ್ಗುಲಲ್ಲಿ ಬಿಡುವ ಸಂದು 0.05 ಮಿಲಿಮೀಟರಿನಷ್ಟು ಮಾತ್ರ. ಅಷ್ಟು ಕಿರಿದಾದ ಜಾಗಕ್ಕೆ ಚಿಪ್ಪು ಸಿಕ್ಕಿಕೊಂಡರೆ ಡೈ ಕೂಡ ಉಳಿಯುವುದಿಲ್ಲ. ಹೇಳಿದವರದು ಕನ್ನಡವೇ, ಕೇಳಿದವನದೂ ಕನ್ನಡವೇ.

ನನ್ನ ಅಭಿಪ್ರಾಯ ಹೀಗಿದೆ. ‘ಹದ’ವನ್ನು ಟೆಂಪರಿಂಗ್‌ಗೆ ಮಾತ್ರ ಮೀಸಲಿಡಬೇಕು. ರಾಗಿ ಹೊಲಕ್ಕೆ ಬೀಳುವ ಹದಮಳೆ, ಹದಕ್ಕೆ ಬಂದ ಬೆಲ್ಲದ ಪಾಕ, ಹದವಾಗಿ ಕಲಸಿದ ಮಣ್ಣು, ಈ ಎಲ್ಲ ಬಳಕೆಗಳಲ್ಲಿ ಹದವೆಂಬುದು ಎರಡು ಅತಿಗಳ ನಡುವಣ ತಕ್ಕ ಸ್ಥಿತಿ. ಹಾರ್ಡನಿಂಗ್ ಆದ ಉಕ್ಕು ಒಂದು ಅತಿಯಲ್ಲಿ ನಿಂತಿರುತ್ತದೆ. ಅದನ್ನು ಹದ ಎನ್ನುವುದು ಪದದ ಜೀವಕ್ಕೇ ವಿರುದ್ಧ. ಆದ್ದರಿಂದ ಹಾರ್ಡನಿಂಗ್‌ಗೆ ‘ಗಡಸಿಗೆ ಏರಿಸು’, ಟೆಂಪರಿಂಗ್‌ಗೆ ‘ಹದಕ್ಕೆ ಇಳಿಸು’ ಎಂದು ಬರೆದರೆ ಎರಡು ಕ್ರಿಯೆಗಳ ದಿಕ್ಕೂ ಮಾತಿನಲ್ಲಿಯೇ ತಿಳಿಯುತ್ತದೆ ಎಂಬುದು ನನ್ನ ಸೂಚನೆ. ‘ಹದಕ್ಕೆ ತರು’, ‘ಹದಕ್ಕೆ ಬರು’ ಎಂಬ ಪ್ರಯೋಗಗಳು ಎಲ್ಲರಿಗೂ ಪರಿಚಿತ. ‘ಹದಕ್ಕೆ ಇಳಿಸು’ ಎಂಬುದು ಕನ್ನಡದ ಕಿವಿಗೆ ಒಗ್ಗುತ್ತದೆಯೇ ಎಂಬುದನ್ನು ಬಲ್ಲವರು ಹೇಳಬೇಕು. ಕ್ವೆಂಚಿಂಗ್‌ಗೆ ‘ಅದ್ದು’ ಸಾಕು. ಹರಿತಗೊಳಿಸುವುದಕ್ಕೆ ‘ಮಸೆ’, ‘ಸಾಣೆ ಹಿಡಿ’ ಎಂಬವು ಇದ್ದೇ ಇವೆ. ಹಾರ್ಡ್ ಮತ್ತು ಬ್ರಿಟಲ್ ಎಂಬ ಎರಡು ಗುಣಗಳಿಗೆ ‘ಗಡಸು’, ‘ಪೆಡಸು’ ಎಂಬ ಜೋಡಿಯನ್ನು ಬಿಡದೆ ಪಾಲಿಸಿದರೆ, ಒಂದು ಗುಣ ಏರಿದಾಗ ಇನ್ನೊಂದೂ ಏಕೆ ಏರುತ್ತದೆ ಎಂಬುದನ್ನು ವಿವರಿಸುವುದು ಸುಲಭವಾಗುತ್ತದೆ.

ಅನೀಲಿಂಗ್ ನನ್ನನ್ನು ಹೆಚ್ಚು ಕಾಡುತ್ತಿದೆ. ಗಡಸಾದ ಉಕ್ಕನ್ನು ಮತ್ತೆ ಕಾಸಿ, ಫರ್ನೇಸಿನಲ್ಲಿಯೇ ಬಿಟ್ಟು ಗಂಟೆಗಟ್ಟಲೆ ತಣ್ಣಗಾಗಲು ಬಿಡುವ ಈ ಕ್ರಿಯೆಗೆ ‘ಕಾಸಿ ಆರಿಸು’ ಎಂದು ಬರೆದುನೋಡಿದಾಗ, ಆಯ್ಕೆ ಮಾಡು ಎಂಬ ಅರ್ಥದ ‘ಆರಿಸು’ ಅಡ್ಡಬರುತ್ತದೆ ಎಂದು ಓದಿದವರು ಹೇಳಿದರು. ‘ಕಾಸಿ ತಣಿಸು’ ಎಂಬುದು ಮೇಲೆನಿಸುತ್ತದೆ. ಆದರೆ ನೀರಿಗೆ ಅದ್ದುವುದೂ ಒಂದು ಬಗೆಯ ತಣಿಸುವಿಕೆಯೇ ಅಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ ಬೇಕು. ಫಲವನ್ನೇ ಹೆಸರಾಗಿಸಿ ‘ಮೆದುಗೊಳಿಸು’ ಎಂದರೆ ಗೊಂದಲವಿಲ್ಲ, ಸದ್ಯಕ್ಕೆ ಅದನ್ನೇ ಇಟ್ಟುಕೊಂಡಿದ್ದೇನೆ. ಇವೆಲ್ಲವನ್ನೂ ಒಳಗೊಳ್ಳುವ ಹೀಟ್ ಟ್ರೀಟ್‌ಮೆಂಟ್ ಎಂಬ ಹೆಸರನ್ನು ಹಾಗೆಯೇ ಉಳಿಸಿಕೊಳ್ಳುವುದು ಲೇಸು. ಅದಕ್ಕೇ ‘ಹದ’ವನ್ನು ಕೊಟ್ಟರೆ ಟೆಂಪರಿಂಗ್ ಮತ್ತೆ ಹೆಸರಿಲ್ಲದೆ ಉಳಿಯುತ್ತದೆ.

ಕೊನೆಯದು ಬಣ್ಣಗಳ ವಿಚಾರ. ಸಾದಾ ಕಾರ್ಬನ್ ಉಕ್ಕಿನ ಮೇಲೆ ಸುಮಾರು 220 ಡಿಗ್ರಿಯಲ್ಲಿ ತೆಳು ಹಳದಿ, 255ರ ಹತ್ತಿರ ಕಂದು, 280ರ ಸುಮಾರಿಗೆ ನೇರಳೆ, 300ರ ಹೊತ್ತಿಗೆ ನೀಲಿ ಕಾಣುತ್ತವೆ. ಇವು ಮೇಲ್ಮೈಯಲ್ಲಿ ಬೆಳೆಯುವ ಆಕ್ಸೈಡಿನ ತೆಳು ಪೊರೆಯಿಂದ ಹುಟ್ಟುವ ಬಣ್ಣಗಳು. ಗೀರುವ ಸ್ಕ್ರೈಬರಿಗೆ ಹಳದಿ, ಪೆಟ್ಟು ತಿನ್ನುವ ಉಳಿಗೆ ನೇರಳೆ, ಬಾಗಿ ಮರಳಬೇಕಾದ ಸ್ಪ್ರಿಂಗಿಗೆ ನೀಲಿ ಎಂಬುದು ಸಾಮಾನ್ಯ ನಿಯಮ. ಡಿ2ನಂತಹ ಮಿಶ್ರಲೋಹದ ಉಕ್ಕುಗಳಲ್ಲಿ ಬಣ್ಣವನ್ನು ನಂಬದೆ ಉಷ್ಣತಾಮಾಪಕವನ್ನೇ ನಂಬಬೇಕು ಎಂಬುದನ್ನು ಕೈಪಿಡಿಯಲ್ಲಿ ಸೇರಿಸಿದ್ದೇನೆ. ಇಂಗ್ಲಿಷ್ ಪುಸ್ತಕಗಳು ಆ ತೆಳು ಹಳದಿಯನ್ನು ಒಣಹುಲ್ಲಿನ ಬಣ್ಣ ಎನ್ನುತ್ತವೆ. ನಮ್ಮ ತಳಿಯ ಹುಡುಗನಿಗೆ ಹುಲ್ಲು ಎಂದರೆ ಕಣ್ಣಿಗೆ ಬರುವುದು ರಾಗಿ ಹುಲ್ಲಿನ ಬಣವೆ, ಅದರ ಬಣ್ಣ ಮಾಸಲು; ಭತ್ತದ ಹುಲ್ಲು ಎಂದು ಬಿಡಿಸಿ ಹೇಳದಿದ್ದರೆ ಅವನು ತಪ್ಪು ಬಣ್ಣಕ್ಕೆ ಕಾಯುತ್ತಾನೆ. ಕುಲುಮೆಯವರು ಈ ಬಣ್ಣಗಳಿಗೆ ತಮ್ಮದೇ ಹೆಸರುಗಳನ್ನು ಇಟ್ಟುಕೊಂಡಿರಲೇಬೇಕು ಎಂದು ನಾನು ನಂಬಿದ್ದೇನೆ, ಅವು ದೊರೆತರೆ ಭತ್ತದ ಹುಲ್ಲಿನ ಹಂಗೂ ಬೇಡ.

ಆದ್ದರಿಂದ ನಮ್ಮಂತೆಯೇ ಕರ್ನಾಟಕದ ಹೊರಗಿರುವ ಕನ್ನಡಿಗರು, ಎಂದರೆ ಕಾಸರಗೋಡು, ಮಂಜೇಶ್ವರಗಳ ಕಡೆಯವರು, ಅಕ್ಕಲಕೋಟೆ, ಜತ್ತ ಭಾಗದವರು, ಮಡಕಶಿರ, ರಾಯದುರ್ಗದವರು ದಯವಿಟ್ಟು ತಿಳಿಸಬೇಕು: ನಿಮ್ಮ ಊರಿನ ಕುಲುಮೆಯಲ್ಲಿ ಅಲಗನ್ನು ಮೊದಲ ಬಾರಿ ಅದ್ದುವುದಕ್ಕೂ ಬಣ್ಣ ನೋಡಿ ಎರಡನೆಯ ಬಾರಿ ಮುಳುಗಿಸುವುದಕ್ಕೂ ಬೇರೆ ಬೇರೆ ಮಾತುಗಳಿವೆಯೇ? ಕಾವು ಹೆಚ್ಚಾಗಿ ಅಂಚು ಮೆತ್ತಗಾದಾಗ ‘ಹದ ಇಳಿಯಿತು’ ಎನ್ನುತ್ತಾರೆಯೇ, ‘ಹದ ಹೋಯಿತು’ ಎನ್ನುತ್ತಾರೆಯೇ? ಕೆಟ್ಟುದಕ್ಕೆ ‘ಹದ ಇಳಿಯಿತು’ ಎಂಬ ರೂಢಿ ಎಲ್ಲಿಯಾದರೂ ಗಟ್ಟಿಯಾಗಿದ್ದರೆ ನನ್ನ ‘ಹದಕ್ಕೆ ಇಳಿಸು’ ಎಂಬುದನ್ನು ಕೈಬಿಟ್ಟು ‘ಹದಕ್ಕೆ ತರು’ ಎಂದೇ ಅಚ್ಚಿಗೆ ಕೊಡುತ್ತೇನೆ.